ಶೇಕಡ ನೂರರ ಬೀದಿ

ಮನುಷ್ಯನಿಗೆ ಭಾವಮೈದುನ ಎಂಬ ಸಂಬಂಧವೊಂದು ಇಲ್ಲದೆ ಹೋಗಿದ್ದರೆ ಲೋಕದ ಅರ್ಧ ಅನಾಹುತಗಳು ನಡೆಯುತ್ತಲೇ ಇರಲಿಲ್ಲ. ಲಾಂಡ್ರಿ ಖಡಕ್ಕಣ್ಣನ ಅನಾಹುತ ಶುರುವಾದದ್ದೂ ಅಲ್ಲಿಂದಲೇ.

ಖಡಕ್ಕಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಬೀದಿಯ ಮೂಲೆಯ ಅಂಗಡಿಗೆ ‘ಖಡಕ್ ಇಸ್ತ್ರಿ’ ಎಂದು ಬೋರ್ಡು ಬರೆಸಿದ್ದರಿಂದ ಅಂಟಿಕೊಂಡದ್ದು. ಅವನ ಕೈಯಿಂದ ಹೊರಟ ಶರ್ಟುಗಳೆಲ್ಲ ಖಡಕ್ಕಾಗಿರುತ್ತಿದ್ದವು. ಅವನು ಮಾತ್ರ ಯಾರಾದರೂ ಸ್ವಲ್ಪ ದನಿಯೇರಿಸಿದರೆ ಸಾಕು, ಮುದುಡಿಕೊಂಡುಬಿಡುತ್ತಿದ್ದ. ಆದರೆ ಫೋನು ಕೈಗೆ ಬಂತೋ, ಆಸಾಮಿಯೇ ಬೇರೆ. ಬೀದಿಯವರ ಗುಂಪಿನಲ್ಲಿ, ನೆಂಟರ ಗುಂಪಿನಲ್ಲಿ, ಹಳೇ ಗಿರಾಕಿಗಳ ಗುಂಪಿನಲ್ಲಿ ದಿನಕ್ಕೆ ಹತ್ತು ಸಲ ಪ್ರಜಾಪ್ರಭುತ್ವವನ್ನು ಉಳಿಸುತ್ತಿದ್ದ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವಷ್ಟರಲ್ಲಿ ಒಂದು ಸಲ, ತಣ್ಣಗಾಗುವಷ್ಟರಲ್ಲಿ ಇನ್ನೊಂದು ಸಲ.

ಅವನ ಹೆಂಡತಿಯ ತಮ್ಮ ಬೇರೆ ಊರಿನಲ್ಲಿ ಒಂದು ವಿಮಾ ಕಚೇರಿಯ ಗುಮಾಸ್ತ. ಪ್ರತಿ ಚುನಾವಣೆಯ ದಿನ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ, ಶಾಯಿ ಹಚ್ಚಿದ ಬೆರಳನ್ನು ಕೆನ್ನೆಗೆ ಆನಿಸಿಕೊಂಡ ಫೋಟೋವನ್ನು ನೆಂಟರ ಗುಂಪಿಗೆ ಹಾಕುತ್ತಿದ್ದ. ಕೆಳಗೊಂದು ಸಾಲು: ‘ನಾನು ನನ್ನ ಕರ್ತವ್ಯ ಮಾಡಿದೆ. ನೀವು?’ ಖಡಕ್ಕಣ್ಣ ಬೆರಳನ್ನು ಸಹಿಸುತ್ತಿದ್ದ, ಕೆನ್ನೆಯನ್ನೂ ಸಹಿಸುತ್ತಿದ್ದ. ಆ ‘ನೀವು?’ ಮಾತ್ರ ತನ್ನೊಬ್ಬನಿಗೇ ಬರೆದದ್ದು ಎಂದು ಅವನಿಗೆ ಖಾತ್ರಿಯಾಗಿತ್ತು. ಎರಡು ಚುನಾವಣೆ ಹಲ್ಲು ಕಚ್ಚಿಕೊಂಡಿದ್ದ. ಮೂರನೆಯದಕ್ಕೆ ಅವನ ಸಹನೆ ಮುಗಿಯಿತು.

ಈ ಸಲದ ಮತದಾನಕ್ಕೆ ಅವನ ಮಟ್ಟಿಗೆ ಇನ್ನೂ ದೊಡ್ಡ ಕಾರಣವಿತ್ತು. ಲಾಂಡ್ರಿಯ ಹಿಂದೆ ಒಂದು ಬಯಲಿದೆ. ಅಲ್ಲಿ ಅವನ ಹದಿನಾಲ್ಕು ಹಗ್ಗಗಳು. ಒಗೆದದ್ದೆಲ್ಲ ಒಣಗುವುದು ಅಲ್ಲೇ. ಆ ಬಯಲಿಗೆ ಸಿಮೆಂಟು ಹಾಕಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ವಾರ್ಡಿನ ಸದಸ್ಯರು ಹೊರಟಿದ್ದರು. ಗಲಾಟೆಯಾಗಿ, ಕೊನೆಗೆ ಆ ಬೀದಿಯವರಿಗೆ ಮಾತ್ರ ಸದಸ್ಯರ ಆಯ್ಕೆಯ ಚೀಟಿಯ ಜೊತೆಗೆ ಇನ್ನೊಂದು ಚೀಟಿ ಕೊಡುವುದೆಂದು ತೀರ್ಮಾನವಾಯಿತು: ‘ಬಯಲಿನಲ್ಲಿ ಕಾರು ನಿಲ್ದಾಣ: ಹೌದು / ಬೇಡ.’ ಬೀದಿಯ ಮತದಾರರು ನೂರ ಹನ್ನೆರಡು ಮಂದಿ. ಬಯಲು ಹೋದರೆ ಹಗ್ಗ ಹೋಯಿತು, ಹಗ್ಗ ಹೋದರೆ ಲಾಂಡ್ರಿ ಹೋಯಿತು. ಖಡಕ್ಕಣ್ಣ ಒಂದು ತಿಂಗಳಿಂದ ‘ಬಯಲು ಉಳಿಸಿ’ ಎಂದು ಬರೆದೂ ಬರೆದೂ ಹೆಬ್ಬೆರಳು ಸವೆಸಿಕೊಂಡಿದ್ದ. ಹೆಚ್ಚಿನವರು ‘ನಿಮ್ಮ ಜೊತೆ ನಾವಿದ್ದೇವೆ’ ಎಂದು ಉತ್ತರಿಸಿದ್ದರು.

ಮತದಾನದ ದಿನ ಬೆಳಿಗ್ಗೆ ಆರಕ್ಕೆ ಎದ್ದವನೇ ಅಂಗಡಿಗೆ ಹೋಗಿ ಗುರುತಿನ ಶಾಯಿಯ ಬಾಟಲಿ ತೆಗೆದ. ಯಾರ ಬಟ್ಟೆ ಯಾರದ್ದೆಂದು ತಿಳಿಯಲು ಕಾಲರಿನ ಒಳಗೆ ನಂಬರು ಹಾಕುವ ಕರಿ ಶಾಯಿ ಅದು. ಕಡ್ಡಿ ಅದ್ದಿ, ಎಡಗೈ ತೋರುಬೆರಳಿಗೆ ಉಗುರಿನಿಂದ ಗೆಣ್ಣಿನವರೆಗೆ ಒಂದು ಗೆರೆ ಎಳೆದ. ಬೆರಳನ್ನು ಕೆನ್ನೆಗೆ ಆನಿಸಿದರೆ ಭಾವಮೈದುನನ ನಕಲು ಆದೀತೆಂದು ಹಣೆಗೆ ಆನಿಸಿ ಫೋಟೋ ತೆಗೆದ. ಆರು ಇಪ್ಪತ್ತಕ್ಕೆ ಅದು ಎಲ್ಲ ಗುಂಪುಗಳಿಗೂ ಹೋಯಿತು: ‘ನನ್ನ ಕರ್ತವ್ಯ ಮುಗಿಯಿತು. ನೀವಿನ್ನೂ ಹಾಸಿಗೆಯಲ್ಲೇ?’

ಬಕೆಟ್ಟು ಹಿಡಿದು ಬಂದ ಹೆಂಡತಿ ನೋಡಿದಳು.

“ಏನ್ರೀ ಅದು? ಬಟ್ಟೆ ಬಿಟ್ಟು ನಿಮಗೇ ನಂಬರ್ ಹಾಕ್ಕೊಂಡ್ರಾ?”

“ಓಟು ಹಾಕಿದ ಗುರುತು ಕಣೇ.”

“ಅಲ್ಲಿ ಇನ್ನೂ ಬಾಗಿಲೇ ತೆಗೆದಿಲ್ವಲ್ಲ.”

“ಆಮೇಲೆ ಹೋಗಿ ಹಾಕ್ತೀನಲ್ಲ. ಈಗ ಫೋಟೋ, ಆಮೇಲೆ ಓಟು. ಎರಡೂ ಒಂದೇ ದಿನ ತಾನೇ, ಹಿಂದುಮುಂದಾದ್ರೆ ಏನು ಹೋಯ್ತು?”

ಏನು ಹೋಯಿತು ಎಂಬುದು ತಿಳಿಯಲು ಇನ್ನೂ ಮೂರೂವರೆ ಗಂಟೆ ಬಾಕಿಯಿತ್ತು. ಅಲ್ಲಿಯವರೆಗೆ ಖಡಕ್ಕಣ್ಣನಷ್ಟು ಸುಖಿ ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಏಳು ಹತ್ತಕ್ಕೆ ಭಾವಮೈದುನನ ಕೆನ್ನೆ ಬಂತು. ಎರಡನೆಯದಾಗಿ ಬಂತು. ಅದರ ಹಿಂದೆಯೇ ಫೋನೂ ಬಂತು.

“ಭಾವ, ನಿಮ್ಮೂರಲ್ಲಿ ಎಷ್ಟು ಗಂಟೆಗೆ ಶುರು ಮಾಡಿದ್ರು?”

“ಜವಾಬ್ದಾರಿ ಇರೋ ಊರಲ್ಲಿ ಸ್ವಲ್ಪ ಬೇಗ ಶುರುವಾಗತ್ತಪ್ಪ,” ಎಂದು ಹೇಳಿ ಖಡಕ್ಕಣ್ಣ ತಾನೇ ಮೊದಲು ಫೋನಿಟ್ಟ. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಇದೇ ಮೊದಲು.

ಅಷ್ಟರಲ್ಲಿ ಬೇಕರಿಯಾಕೆ ಓಡಿಬಂದಳು. ಕೈಯೆಲ್ಲ ಹಿಟ್ಟು.

“ಅಣ್ಣ, ಕ್ಯೂ ಎಷ್ಟಿತ್ತು? ಒಲೆ ಬಿಟ್ಟು ಹೋಗೋಕಾಗಲ್ಲ, ಫೋಟೋ ಹಾಕದಿದ್ರೆ ಮರ್ಯಾದೆ ಇಲ್ಲ.”

ಬಡಾಯಿಗೆ ಒಂದು ಕೆಟ್ಟ ಗುಣವಿದೆ, ಅದಕ್ಕೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. “ಕ್ಯೂ ಯಾಕಮ್ಮ, ಬೆರಳು ಕೊಡು,” ಎಂದ ಖಡಕ್ಕಣ್ಣ.

ಬೇಕರಿಯಾಕೆಯ ಬೆರಳು ಗುಂಪಿನಲ್ಲಿ ಕಾಣಿಸಿಕೊಂಡದ್ದೇ ತಡ, ಲಾಂಡ್ರಿಯ ಮುಂದೆ ಜನ ಸೇರಿದರು. ಎಂಟು ಗಂಟೆಗೆ ಮತಗಟ್ಟೆಯ ಮುಂದೆ ಇದ್ದದ್ದು ಒಂದು ನಾಯಿ, ಲಾಂಡ್ರಿಯ ಮುಂದೆ ಇದ್ದದ್ದು ನಲವತ್ತು ಜನ. ಹೆಂಗಸರಿಗೊಂದು ಸಾಲು, ಗಂಡಸರಿಗೊಂದು ಸಾಲು, ಹಿರಿಯರಿಗೆ ಕುರ್ಚಿ. ಇಷ್ಟು ಅಚ್ಚುಕಟ್ಟಾದ ಚುನಾವಣೆ ಆ ಊರಿನಲ್ಲಿ ಹಿಂದೆಂದೂ ನಡೆದಿರಲಿಲ್ಲ, ಓಟು ಎಂಬುದೊಂದು ಇರಲಿಲ್ಲ ಅಷ್ಟೇ.

ನಿವೃತ್ತ ಮೇಷ್ಟ್ರು ಕೋಲೂರಿಕೊಂಡು ಬಂದಾಗ ಸಾಲಿನವರು ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಮೂವತ್ತೆರಡು ವರ್ಷ ಪೌರನೀತಿ ಕಲಿಸಿದವರು.

“ಇದು ಶುದ್ಧ ತಪ್ಪು,” ಎಂದರು ಮೇಷ್ಟ್ರು. “ಮತದಾನ ಅನ್ನೋದು ಹುಡುಗಾಟ ಅಲ್ಲ. ಪ್ರಜೆಯ ಪರಮ ಕರ್ತವ್ಯ. ಏನಯ್ಯ, ಇಷ್ಟು ಕೆಳಗೆ ಹಚ್ತಾರಾ? ಉಗುರಿನ ಬುಡಕ್ಕೆ ತಾಗಬೇಕು, ಅಧಿಕೃತವಾಗಿ ಕಾಣಬೇಡ್ವಾ?” ಎಂದು ಬೆರಳು ಚಾಚಿದರು.

ಎರಡು ಕಾರು ಇಟ್ಟುಕೊಂಡಿದ್ದ ಯಜಮಾನರೊಬ್ಬರೂ ಬಂದರು. ಬೀದಿಯಲ್ಲಿ ಕಾರು ನಿಲ್ದಾಣ ಬೇಕೇ ಬೇಕು ಎನ್ನುತ್ತಿದ್ದವರು ಅವರು ಮತ್ತು ಅವರ ಮನೆಯ ಎಂಟು ಮಂದಿ. ಅವರು ಸಾಲಿನಲ್ಲಿ ನಿಂತು ಸ್ವಲ್ಪ ಮುಜುಗರದಿಂದ, “ನಾವು ‘ಹೌದು’ ಹಾಕೋ ಪೈಕಿ. ನಮಗೂ ಹಚ್ತೀರಾ?” ಎಂದು ಕೇಳಿದರು.

“ಪ್ರಜಾಪ್ರಭುತ್ವ ಅಂದ್ರೆ ಅದೇ ಸಾರ್. ಬೆರಳು ಚಾಚಿ,” ಎಂದ ಖಡಕ್ಕಣ್ಣ. ತನ್ನ ಔದಾರ್ಯಕ್ಕೆ ತನಗೇ ಕಣ್ಣು ತುಂಬಿ ಬಂತು. ಮನೆಯ ಎಂಟೂ ಮಂದಿಗೆ ಮನೆಗೇ ಹೋಗಿ ಹಚ್ಚಿ ಬಂದ.

ಒಂಬತ್ತೂವರೆಗೆ ನೂರ ಹನ್ನೊಂದು ಬೆರಳು ಮುಗಿದಿತ್ತು. ಉಳಿದದ್ದು ಹೆಂಡತಿಯದು. ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಹೋಟೆಲಿನ ಇಪ್ಪತ್ತೆಂಟು ಬಿಳಿ ಮೇಜುಬಟ್ಟೆ ನೆನೆಸಿಟ್ಟಿದ್ದೀನಿ. ಈ ಹಸಿ ಶಾಯೀಲಿ ಅದನ್ನ ಮುಟ್ಟಿದ್ರೆ ಹೋಟೆಲಿನೋರಿಗೆ ನೀವು ಉತ್ತರ ಹೇಳ್ತೀರಾ?”

ಒಂದು ಬೆರಳಿನ ಕೊರತೆಯನ್ನು ಖಡಕ್ಕಣ್ಣ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ‘ನಮ್ಮ ಬೀದಿ ಶೇಕಡ ನೂರು!’ ಎಂದು ಬರೆದು ಬೆರಳುಗಳ ಫೋಟೋಗಳನ್ನೆಲ್ಲ ಸೇರಿಸಿ ಹಾಕಿದ. ಅದನ್ನು ಊರಿನವರು ಪಕ್ಕದ ಊರಿಗೆ ಕಳಿಸಿದರು. ಪಕ್ಕದ ಊರಿನವರು ಮತ್ತೆ ಇಲ್ಲಿಗೇ ಕಳಿಸಿ, ‘ಇವರನ್ನು ನೋಡಿ ಕಲಿಯಿರಿ’ ಎಂದರು.

ಫೋಟೋ ಹಾಕಿದ ಮೇಲೆ ಜನರಿಗೆ ಒಂಥರಾ ನಿರಾಳವಾಯಿತು. ಕರ್ತವ್ಯ ಮಾಡಿದ ಆಯಾಸವೂ ಆಯಿತು. ಅರ್ಧದಷ್ಟು ಮಂದಿ ಮಲಗಿದರು. ಮಿಕ್ಕವರು ಎಷ್ಟು ಲೈಕ್ ಬಂತೆಂದು ನೋಡುತ್ತ ಕೂತರು. ಖಡಕ್ಕಣ್ಣ ಮಾತ್ರ, ಬಯಲಿನ ಚಿಂತೆ ಇದ್ದವನಾದ್ದರಿಂದ, ಗರಿಗರಿ ಶರ್ಟು ಹಾಕಿಕೊಂಡು ಹತ್ತು ಗಂಟೆಗೆ ಮತಗಟ್ಟೆಗೆ ಹೋದ.

ಆ ಬೀದಿಗೆಂದೇ ಇದ್ದ ಮತಗಟ್ಟೆ ಒಂದು ಶಾಲೆಯ ಕೋಣೆ. ಬೆಂಚಿನ ಹಿಂದೆ ಕೂತಿದ್ದ ಅಧಿಕಾರಿಯ ಕೈಯಲ್ಲೊಂದು ಭೂತಗನ್ನಡಿ. ಬೆಳಗಿನಿಂದ ಒಬ್ಬರೂ ಬಾರದೆ ಅವರು ಅದರಲ್ಲಿ ತಮ್ಮ ಉಗುರುಗಳನ್ನೇ ನೋಡಿಕೊಳ್ಳುತ್ತಿದ್ದರು. ಖಡಕ್ಕಣ್ಣನ ಬೆರಳು ಕಂಡದ್ದೇ ಅವರ ಹುಬ್ಬು ಮೇಲೇರಿತು.

“ಓಟು ಹಾಕಿಯಾಗಿದೆಯಲ್ಲ.”

“ಇಲ್ಲ ಸಾರ್, ಇದು ಲಾಂಡ್ರಿ ಶಾಯಿ.”

ಅಧಿಕಾರಿ ಪಟ್ಟಿ ನೋಡಿದರು. ಬೆರಳು ನೋಡಿದರು. ಮತ್ತೆ ಪಟ್ಟಿ ನೋಡಿದರು.

“ನೀವು ಓಟು ಹಾಕಿಲ್ಲ ಅಂತ ಪಟ್ಟಿ ಹೇಳ್ತಿದೆ. ಹಾಕಿದ್ದೀರಿ ಅಂತ ಬೆರಳು ಹೇಳ್ತಿದೆ. ಪಟ್ಟಿ ಸರ್ಕಾರದ್ದು, ಅದು ಸುಳ್ಳು ಹೇಳಲ್ಲ. ಶಾಯಿ ಗುರುತೂ ಸರ್ಕಾರದ್ದು, ಅದೂ ಸುಳ್ಳು ಹೇಳಲ್ಲ. ಇನ್ನು ಉಳಿದಿರೋದು ನೀವು.”

“ನಾನೇ ನನ್ನ ಕೈಯಾರೆ ಹಚ್ಚಿಕೊಂಡಿದ್ದು ಸಾರ್, ಫೋಟೋಗೋಸ್ಕರ.”

“ಯಾವ ಫೋಟೋ, ಇದಾ?” ಅಧಿಕಾರಿ ತಮ್ಮ ಫೋನು ತೆಗೆದು ತೋರಿಸಿದರು. ಹಣೆಗೆ ಬೆರಳಿಟ್ಟ ಖಡಕ್ಕಣ್ಣ ಅದರೊಳಗಿಂದ ಖಡಕ್ಕಣ್ಣನನ್ನೇ ನೋಡುತ್ತಿದ್ದ. “‘ನನ್ನ ಕರ್ತವ್ಯ ಮುಗಿಯಿತು’ ಅಂತ ನೀವೇ ಬರ್ಕೊಂಡಿದ್ದೀರಿ. ಆರುನೂರು ಜನ ಒಪ್ಪಿದ್ದಾರೆ. ನಾನೂ ಲೈಕ್ ಕೊಟ್ಟಿದ್ದೀನಿ. ಹಾಗಾದ್ರೆ ಒಬ್ಬ ಚುನಾವಣಾಧಿಕಾರಿ ಸುಳ್ಳಿಗೆ ಲೈಕ್ ಕೊಟ್ಟ ಅಂತೀರಾ?”

ಅಧಿಕಾರಿಯ ದನಿ ಏರಿತು. ಖಡಕ್ಕಣ್ಣ ಎಂದಿನಂತೆ ಮುದುಡಿಕೊಂಡ. “ಇಲ್ಲ ಸಾರ್, ನಿಮ್ಮ ಲೈಕ್ ಸರಿಯಾಗೇ ಇದೆ,” ಎಂದು ಹೇಳಿ ಹೊರಗೆ ಬಂದ. ಮೆಟ್ಟಿಲಿಳಿಯುತ್ತ ಅವನು ಲೆಕ್ಕ ಹಾಕಿದ. ತನ್ನೊಬ್ಬನ ಬೆರಳಾದರೆ ಹೋಗಲಿ, ನೂರ ಹನ್ನೊಂದು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಗೆಲ್ಲ ಹಬ್ಬಿತು. ಹೋದವರು ಹೋದ ಹಾಗೇ ವಾಪಸ್ಸು ಬರುತ್ತಿದ್ದರು. ಬೆಳಿಗ್ಗೆ ಶಾಯಿಗೆ ನಿಂತಿದ್ದ ಸಾಲೇ ಈಗ ಶಾಯಿ ತೆಗೆಸಲು ನಿಂತಿತು. ಖಡಕ್ಕಣ್ಣ ಬ್ಲೀಚಿಂಗ್ ಪುಡಿ ಕಲಸಿ ಬಕೆಟ್ಟಿನಲ್ಲಿಟ್ಟ. ಹನ್ನೆರಡು ಮಂದಿ ಸುತ್ತ ಕೂತು ಬೆರಳು ಅದ್ದಿದರು. ಸೀಮೆಎಣ್ಣೆ, ನಿಂಬೆಹುಳಿ, ಉಜ್ಜುಗಲ್ಲು, ಎಲ್ಲ ಆಯಿತು. ಬೆರಳುಗಳು ಬೆಳ್ಳಗಾದವು, ಗೆರೆ ಮಾತ್ರ ಇನ್ನಷ್ಟು ಕಪ್ಪಾಗಿ ಎದ್ದು ಕಂಡಿತು. ಅಂಗಡಿಯ ರಸೀದಿಯ ಕೆಳಗೆ ‘ನಮ್ಮ ಗುರುತು ನೂರು ಒಗೆತಕ್ಕೂ ಹೋಗುವುದಿಲ್ಲ’ ಎಂದು ಅವನೇ ಅಚ್ಚು ಹಾಕಿಸಿದ್ದ. ಖಡಕ್ಕಣ್ಣ ಬಾಳಿನಲ್ಲಿ ಹೇಳಿದ ಅಪ್ಪಟ ನಿಜಗಳಲ್ಲಿ ಅದೂ ಒಂದು.

“ಪೌರನೀತಿ ಪುಸ್ತಕದಲ್ಲಿ ಇದಕ್ಕೆ ಪರಿಹಾರ ಇಲ್ವಾ ಮೇಷ್ಟ್ರೇ?” ಎಂದು ಬೇಕರಿಯಾಕೆ ಕೇಳಿದಳು.

“ಇಂಥ ಪ್ರಜೆಗಳು ಇರ್ತಾರೆ ಅಂತ ಪುಸ್ತಕ ಬರೆದೋರಿಗೆ ಗೊತ್ತಿರಲಿಲ್ಲ,” ಎಂದು ಮೇಷ್ಟ್ರು ಬಕೆಟ್ಟಿನೊಳಗೆ ಬೆರಳನ್ನು ಇನ್ನೂ ಆಳಕ್ಕೆ ಇಳಿಸಿದರು.

ಎರಡು ಗಂಟೆಗೆ ಬೀದಿಯ ತುದಿಯಲ್ಲಿ ಜೀಪು ನಿಂತಿತು. ಮತದಾರರ ಜಾಗೃತಿ ಇಲಾಖೆಯ ಅಧಿಕಾರಿಣಿ, ಒಬ್ಬ ಕ್ಯಾಮೆರಾದವನು, ಚೌಕಟ್ಟು ಹಾಕಿದ ಒಂದು ಪ್ರಶಸ್ತಿಪತ್ರ. ಮಧ್ಯಾಹ್ನಕ್ಕೇ ಶೇಕಡ ನೂರು ಮುಟ್ಟಿದ ಮೊದಲ ಬೀದಿಗೆ ಸನ್ಮಾನ, ಅದೂ ನೇರ ಪ್ರಸಾರದಲ್ಲಿ. ಖಡಕ್ಕಣ್ಣನನ್ನು ಬಯಲಿನಲ್ಲಿ, ಅವನದೇ ಹಗ್ಗಗಳ ಮುಂದೆ ನಿಲ್ಲಿಸಿದರು. ಅವನ ಹಿಂದೆ ಮೇಜುಬಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ‘ಬೇಡ’ಕ್ಕೆ ಒಂದು ಓಟೂ ಬೀಳದಿದ್ದರೆ ಸದಸ್ಯರು ಸಿಮೆಂಟು ಹಾಕಿಸಿಯೇ ತೀರುತ್ತಾರೆ, ಈ ಹಗ್ಗಗಳನ್ನು ತಾನೇ ಕೈಯಾರೆ ಕೊಟ್ಟುಬಿಟ್ಟೆನಲ್ಲ ಎಂದು ಅವನಿಗೆ ಅಳು ಬಂದಂತಾಯಿತು. ಆದದ್ದಾಗಲಿ, ನಿಜ ಹೇಳಿಬಿಡೋಣ ಎಂದು ಧೈರ್ಯ ಮಾಡಿದ.

“ಮೇಡಂ, ನಮ್ಮ ಬೀದೀಲಿ ಒಬ್ಬರೂ ಓಟು ಹಾಕಿಲ್ಲ.”

“ಎಂಥ ವಿನಯ ನೋಡಿ ಇವರದು,” ಎಂದರು ಅಧಿಕಾರಿಣಿ ಕ್ಯಾಮೆರಾಕ್ಕೆ.

“ವಿನಯ ಅಲ್ಲ ಮೇಡಂ. ಮತಗಟ್ಟೇಲಿ ಕೇಳಿ, ಸೊನ್ನೆ ಇದೆ.”

ಅಧಿಕಾರಿಣಿ ಕ್ಯಾಮೆರಾದವನಿಗೆ ಕೈಸನ್ನೆ ಮಾಡಿ, ದನಿ ತಗ್ಗಿಸಿದರು. “ನೋಡಿ, ಓಟು ಅವರ ಇಲಾಖೆ. ನಮ್ಮದು ಜಾಗೃತಿ. ನಿಮ್ಮ ಬೀದೀಲಿ ಜಾಗೃತಿ ಆಗಿದೆಯೋ ಇಲ್ವೋ?”

“ಆಗಿದೆ ಮೇಡಂ.”

“ಮತ್ತೆ? ಬೆರಳು ಎತ್ತಿ, ನಗಿ.”

ಬೀದಿಯವರೆಲ್ಲ ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತಿದ್ದ ಬೆರಳುಗಳನ್ನು ಎತ್ತಿದರು. ಖಡಕ್ಕಣ್ಣನೂ ಎತ್ತಿದ. ಸಾವಿರಾರು ಜನ ನೋಡುತ್ತಿರುವಾಗ ಮುಖ ಸೊಟ್ಟ ಮಾಡಿಕೊಳ್ಳಲು ಯಾರಿಗೂ ಮನಸ್ಸು ಬರಲಿಲ್ಲ. ಚಪ್ಪಾಳೆಯಾಯಿತು, ಜೀಪು ಹೋಯಿತು. ‘ಭಾವ, ನಿಮ್ಮನ್ನು ಪಡೆದ ನಾವೇ ಧನ್ಯರು’ ಎಂದು ಭಾವಮೈದುನ ಬರೆದ. ಹತ್ತೊಂಬತ್ತು ವರ್ಷ ಕಾದಿದ್ದ ಆ ಮಾತು ಬಂದಾಗ ಖಡಕ್ಕಣ್ಣ ಅದನ್ನು ಪೂರ್ತಿ ಓದಲೂ ಇಲ್ಲ.

ಸಂಜೆ ನಾಲ್ಕೂ ಮುಕ್ಕಾಲಿಗೆ ಹೆಂಡತಿ ಕೊನೆಯ ಮೇಜುಬಟ್ಟೆ ಮಡಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೇ?”

“ಓಟಿಗೆ. ಐದಕ್ಕೆ ಬಾಗಿಲು ಹಾಕ್ತಾರಂತೆ.”

ಖಡಕ್ಕಣ್ಣನಿಗೆ ಆಗಷ್ಟೇ ಹೊಳೆಯಿತು. ಇಡೀ ಬೀದಿಯಲ್ಲಿ ಶಾಯಿ ಬೀಳದ ಬೆರಳು ಇನ್ನೂ ಒಂದಿದೆ. ಅವನು ಅವಳ ಹಿಂದೆಯೇ ಓಡಿ ಮತಗಟ್ಟೆಯ ಕಿಟಕಿಯ ಹತ್ತಿರ ನಿಂತ. ಸೋಪಿನ ನೀರಿಗೆ ಸುಕ್ಕುಗಟ್ಟಿದ ಅವಳ ಬೆರಳನ್ನು ಅಧಿಕಾರಿ ಭೂತಗನ್ನಡಿಯಲ್ಲಿ ನಾಲ್ಕೂ ಕಡೆಯಿಂದ ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು ನಿಂತರು. ಅವರು ಎದ್ದರೆಂದು ಉಳಿದ ಸಿಬ್ಬಂದಿಯೂ ಎದ್ದರು.

“ಬೆಳಗಿನಿಂದ ಇದೇ ಮೊದಲನೇ ಖಾಲಿ ಬೆರಳು ತಾಯಿ,” ಎಂದರು ಅಧಿಕಾರಿ. “ಬನ್ನಿ, ನಿಧಾನವಾಗಿ ಹಾಕಿ. ನಿಮ್ಮ ಹಿಂದೆ ಯಾರೂ ಇಲ್ಲ.”

ದಾರಿಯಲ್ಲಿ ಖಡಕ್ಕಣ್ಣ ಕೇಳಿದ. “ಬಯಲಿನ ಚೀಟೀಲಿ ಯಾವುದಕ್ಕೆ ಒತ್ತಿದೆ?”

“ಅದನ್ನ ಯಾರಿಗೂ ಹೇಳಬಾರದು ಅಂತ ಅಲ್ಲೇ ಗೋಡೆ ಮೇಲೆ ಬರೆದು ಹಾಕಿದ್ದಾರೆ. ನೀವು ಒಳಗೆ ಹೋಗಿದ್ರೆ ಓದ್ತಿದ್ರಿ.”

ಅಲ್ಲಿಗೆ ಖಡಕ್ಕಣ್ಣನ ನಿದ್ದೆ ಹಾರಿತು. ಏಕೆಂದರೆ ಅವಳು ಹಿಂದೊಮ್ಮೆ ಅಲ್ಲ, ವಾರಕ್ಕೆರಡು ಸಲವಾದರೂ, ‘ಈ ಬಯಲೊಂದು ಇಲ್ದಿದ್ರೆ ನನ್ನ ಸೊಂಟ ನೆಟ್ಟಗಿರ್ತಿತ್ತು’ ಎನ್ನುತ್ತಿದ್ದಳು. ಅವನು ಅದನ್ನು ಕೇಳಿಸಿಕೊಂಡಿರಲಿಲ್ಲ, ಕೈಯಲ್ಲಿ ಫೋನಿರುತ್ತಿತ್ತು. ಈಗ ಒಂದೊಂದು ಸಲ ಹೇಳಿದ್ದೂ ನೆನಪಿಗೆ ಬರತೊಡಗಿತು. ಎಣಿಕೆಗೆ ಇನ್ನೂ ಮೂರು ದಿನವಿತ್ತು. ಆ ಮೂರು ದಿನ ಖಡಕ್ಕಣ್ಣ ಬಕೆಟ್ಟುಗಳನ್ನು ತಾನೇ ಹೊತ್ತ. ಹಿಂಡುವುದನ್ನು ತಾನೇ ಹಿಂಡಿದ. ಹಗ್ಗಕ್ಕೆ ಹಾಕುವುದನ್ನು ತಾನೇ ಹಾಕಿದ. ಎರಡನೆಯ ದಿನ ಸೊಂಟ ಹಿಡಿದುಕೊಂಡು ಕೂತು, “ನೀನು ಇಷ್ಟು ವರ್ಷ ಇದನ್ನ ಹೇಗೆ ಮಾಡಿದೆಯೇ?” ಎಂದು ಕೇಳಿದ.

“ಬಾಯಿ ಮುಚ್ಕೊಂಡು ಮಾಡಿದೆ ಅಂತ ಹೇಳಲ್ಲ. ಹೇಳ್ತಾನೇ ಮಾಡಿದೆ,” ಎಂದಳು ಅವಳು.

ಮೂರನೆಯ ದಿನ ಎಣಿಕೆಯ ಕೋಣೆಯ ಮುಂದೆ ಬೀದಿಗೆ ಬೀದಿಯೇ ನೆರೆಯಿತು. ಬೇರೆ ಬೀದಿಗಳ ಓಟಿನಿಂದ ವಾರ್ಡಿನ ಸದಸ್ಯರು ಮತ್ತೆ ಗೆದ್ದಿದ್ದರು. ಬಯಲಿನ ಪೆಟ್ಟಿಗೆ ತೆರೆದ ಅಧಿಕಾರಿ ಅದನ್ನು ತಲೆಕೆಳಗು ಮಾಡಿ ಎರಡು ಸಲ ತಟ್ಟಿ, ಬಿದ್ದ ಒಂದೇ ಚೀಟಿಯನ್ನು ಬಿಡಿಸಿ, ಗಂಭೀರವಾಗಿ ಓದಿದರು.

“ಹೌದು, ಸೊನ್ನೆ. ಬೇಡ, ಒಂದು. ಚಲಾಯಿಸಿದ ಮತಗಳಲ್ಲಿ ಶೇಕಡ ನೂರು ‘ಬೇಡ’. ಬಯಲು ಇದ್ದ ಹಾಗೇ ಇರತಕ್ಕದ್ದು.”

ಸದಸ್ಯರು ಎರಡು ಕಾರಿನ ಯಜಮಾನರ ಕಡೆ ಕಣ್ಣು ಕೆಂಪಗೆ ಮಾಡಿದರು. “ನಿಮ್ಮ ಮನೆ ಒಂಬತ್ತು ಓಟು ಎಲ್ರೀ ಹೋಯ್ತು?” ಯಜಮಾನರು ಕೈಯನ್ನು ಜೇಬಿಗಿಳಿಸಿದರು. ಖಡಕ್ಕಣ್ಣ ಹೆಂಡತಿಯತ್ತ ತಿರುಗಿದ. ಅವಳು ಅಲ್ಲಿರಲಿಲ್ಲ, ಹೋಟೆಲಿಗೆ ಬಟ್ಟೆ ಕೊಡಲು ಹೋಗಿದ್ದಳು.

ಮನೆಗೆ ಬರುವಷ್ಟರಲ್ಲಿ ಬೀದಿಯ ಗುಂಪು ಕುದಿಯುತ್ತಿತ್ತು. ಮೊದಲು ಬರೆದದ್ದು ಬೇಕರಿಯಾಕೆ: ‘ಬಯಲು ಉಳಿಸಿದ ಆ ಒಂದು ಓಟು ಯಾರದ್ದೆಂದು ನಾನು ಹೇಳುವುದಿಲ್ಲ. ಹೇಳಿದರೆ ನನ್ನನ್ನು ನಾನೇ ಹೊಗಳಿಕೊಂಡಂತೆ.’ ಮೇಷ್ಟ್ರು, ‘ಗುರುವಿನ ಧರ್ಮ ನಾನು ಮಾಡಿದ್ದೇನೆ’ ಎಂದು ಶುರುಮಾಡಿ ಎರಡು ಪುಟ ಬರೆದರು. ಸಂಜೆಯ ಹೊತ್ತಿಗೆ ಆ ಒಂದು ಓಟನ್ನು ಅರವತ್ತನಾಲ್ಕು ಮಂದಿ ಹಾಕಿದ್ದರು. ಅರವತ್ತೈದನೆಯವರು ಎರಡು ಕಾರಿನ ಯಜಮಾನರು: ‘ಕೊನೆಯ ಗಳಿಗೆಯಲ್ಲಿ ಆತ್ಮಸಾಕ್ಷಿ ತಡೆಯಿತು, ‘ಬೇಡ’ ಎಂದೇ ಒತ್ತಿದೆ.’ ಪುರಾವೆಗೆ ಎಲ್ಲರೂ ಬೆರಳು ತೋರಿಸಿದ್ದರು. ಗೆರೆ ಯಾರದ್ದೂ ಮಾಸಿರಲಿಲ್ಲ.

ಭಾವಮೈದುನನೂ ನೆಂಟರ ಗುಂಪಿನಲ್ಲಿ ಕೇಳಿದ್ದ: ‘ಭಾವ, ನಿಜ ಹೇಳಿ. ಆ ಓಟು ನಿಮ್ಮದೇ ತಾನೇ?’

ಖಡಕ್ಕಣ್ಣ ಬಯಲಿನ ಕಟ್ಟೆಯ ಮೇಲೆ ಕೂತು ‘ಹೌದು’ ಎಂದು ಬೆರಳಾಡಿಸಿದ. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ಅಷ್ಟರಲ್ಲಿ ಖಾಲಿ ಬುಟ್ಟಿ ಹಿಡಿದು ಹೆಂಡತಿ ಬಂದಳು.

“ನೀನು ‘ಬೇಡ’ ಒತ್ತಿದ್ದೆಯಲ್ಲ,” ಎಂದ ಅವನು. “ಸೊಂಟ ನೋವು ಅಂತಿದ್ದೆ.”

“ಸೊಂಟ ನನ್ನದು, ಬಯಲೂ ನನ್ನದೇ. ಸೊಂಟಕ್ಕೆ ಅಂತ ಬಯಲು ಕೊಡ್ತಾರಾ?”

“ನಿಂದು ಅಂತ ಎಲ್ಲರಿಗೂ ಬರೆದು ಹಾಕಲಾ?”

“ಬರೆಯೋದಾದ್ರೆ ಬರೀರಿ. ಶಾಯಿ ಯಾರದ್ದು ಅನ್ನೋದನ್ನೂ ಬರೀರಿ. ಅರ್ಧಂಬರ್ಧ ಬೇಡ.”

ಭಾವಮೈದುನನ ಮುಖ, ಅದಕ್ಕೆ ಒತ್ತಿಕೊಂಡ ಬೆರಳು, ಮುಂದಿನ ಚುನಾವಣೆಯ ಏಳು ಹತ್ತು, ಎಲ್ಲ ಖಡಕ್ಕಣ್ಣನ ಕಣ್ಣ ಮುಂದೆ ಹಾದುಹೋದವು. ‘ಹೌದು’ ಎಂಬುದನ್ನು ಒಂದೊಂದೇ ಅಕ್ಷರ ಅಳಿಸಿದ. ಆಮೇಲೆ ಬರೆದ: ‘ಆ ಓಟು ನನ್ನ ಹೆಂಡತಿಯದು. ನಾವು ಯಾರೂ ಓಟು ಹಾಕಿಲ್ಲ. ಎಲ್ಲರ ಬೆರಳಿಗೂ ಲಾಂಡ್ರಿ ಶಾಯಿ ಹಚ್ಚಿದವನು ನಾನು.’ ಬೀದಿಯ ಗುಂಪಿಗೂ ನೆಂಟರ ಗುಂಪಿಗೂ ಕಳಿಸಿದ.

ಕುದಿಯುತ್ತಿದ್ದ ಗುಂಪು ನೀರು ಸುರಿದ ಒಲೆಯ ಹಾಗೆ ತಣ್ಣಗಾಯಿತು. ಎಲ್ಲರೂ ಓದಿದ್ದರು, ಅದು ತಿಳಿಯುತ್ತಿತ್ತು. ಭಾವಮೈದುನ ಏನೋ ಬರೆಯಲು ಶುರುಮಾಡಿ ನಿಲ್ಲಿಸಿದ, ಮತ್ತೆ ಶುರುಮಾಡಿ ಮತ್ತೆ ನಿಲ್ಲಿಸಿದ. ಕಾಲು ಗಂಟೆ ಕಳೆಯಿತು. ಒಂದು ಲೈಕೂ ಬರಲಿಲ್ಲ. ಖಡಕ್ಕಣ್ಣ ಫೋನು ಹಿಡಿದ ಮೇಲೆ ಇಂಥದ್ದು ಎಂದೂ ಆಗಿರಲಿಲ್ಲ.

ಹೆಂಡತಿ ಬುಟ್ಟಿ ಕೆಳಗಿಟ್ಟು, ಬಗ್ಗಿ, ಅವನ ಭುಜದ ಮೇಲಿಂದ ಆ ಸಾಲುಗಳನ್ನು ತುಟಿಯಾಡಿಸುತ್ತ ಓದಿದಳು. “ಸರಿಯಾಗಿದೆ,” ಎಂದು ಅವನ ಬೆನ್ನಿಗೊಂದು ಸಣ್ಣ ಏಟು ಕೊಟ್ಟು ಹೋದಳು. ಅವನು ಬರೆದದ್ದನ್ನು ಮೆಚ್ಚಿದವಳು ಇಡೀ ಬೀದಿಗೆ ಅವಳೊಬ್ಬಳೇ, ಅವಳ ಹತ್ತಿರ ಫೋನಿರಲಿಲ್ಲ.